ಮುತ್ತಜ್ಜ ತೀರಿಕೊಂಡದ್ದು ಯಾವ ವರ್ಷ?

ನಮ್ಮ ಮುತ್ತಜ್ಜ ಇಂಟರ್ನೆಟ್ಟಿನ ವಂಶವೃಕ್ಷಗಳಲ್ಲಿ ನಾಲ್ಕು ಸಲ ತೀರಿಕೊಂಡಿದ್ದಾರೆ. ಒಮ್ಮೆ 1946ರಲ್ಲಿ, ಒಮ್ಮೆ 1947ರ ಜನವರಿಯಲ್ಲಿ, ಒಮ್ಮೆ 1951ರಲ್ಲಿ, ಇನ್ನೊಮ್ಮೆ 1976ರಲ್ಲಿ. ಕೊನೆಯದನ್ನು ನಂಬುವುದಾದರೆ ಅವರು ಎಮರ್ಜೆನ್ಸಿಯನ್ನೂ ನೋಡಿಕೊಂಡೇ ಹೋದರು.

ತಮಾಷೆ ಏನೆಂದರೆ ಇದರಲ್ಲಿ ಯಾವುದನ್ನೂ ಯಾರೂ ಸುಮ್ನೆ ಬರೆದಿಲ್ಲ. ನಾಲ್ಕಕ್ಕೂ ಆಧಾರ ಇದೆ. ಅದರಲ್ಲೂ ಮೂರಕ್ಕೆ ಆಧಾರ ಒಂದೇ ಕಲ್ಲು.

ನಮ್ಮದು ಮುಳುಗಡೆ ಕುಟುಂಬ. ಸಾಗರ ತಾಲ್ಲೂಕಿನ ಶರಾವತಿ ದಂಡೆಯ ಮನೆ, ತೋಟ, ಗದ್ದೆ ಎಲ್ಲ 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟಿನ ನೀರಿನ ಕೆಳಗೆ ಹೋಯಿತು. ನಾವು ಲಿಂಗಾಯತರು, ಹೂಳುವ ಪದ್ಧತಿ. ಮುತ್ತಜ್ಜನ ಗದ್ದುಗೆಯೂ ಅಲ್ಲೇ ಇತ್ತು, ಅದೂ ಹೋಯಿತು. ಹಳೇ ಗದ್ದುಗೆಯ ಮೇಲೆ ಅಕ್ಷರ ಇರಲಿಲ್ಲವಂತೆ. ಒಂದು ಕಲ್ಲು, ಅದರ ಮೇಲೆ ಲಿಂಗದ ಗುರುತು, ಅಷ್ಟೇ. ಶಿವಮೊಗ್ಗ ಕಡೆಗೆ ಬಂದು ನೆಲೆ ನಿಂತ ಮೇಲೆ, ಕೈಯಲ್ಲಿ ನಾಲ್ಕು ಕಾಸು ಓಡಾಡಿದ ಮೇಲೆ, ಅಜ್ಜ ಹೊಸ ಜಾಗದಲ್ಲಿ ನೆನಪಿಗೊಂದು ಕಲ್ಲು ನಿಲ್ಲಿಸಿ ಅಕ್ಷರ ಕೆತ್ತಿಸಿದರು. ಅದರಲ್ಲಿ ಹೀಗಿದೆ: ‘ಶಾ.ಶ. ೧೮೬೮ನೇ ವ್ಯಯ ನಾಮ ಸಂವತ್ಸರ ಮಾಘ ಬಹುಳ ೫ ಲಿಂಗೈಕ್ಯರಾದರು. ವಯಸ್ಸು ೮೦.’ ಶಾ.ಶ. ಅಂದರೆ ಶಾಲಿವಾಹನ ಶಕ, ಬಹುಳ ಅಂದರೆ ಕೃಷ್ಣಪಕ್ಷ.

ಅಂದರೆ ಸಮಾಧಿಯ ಕಲ್ಲು ಅಂತ ನಾವು ಕರೆಯುವ ಇದು ಮುತ್ತಜ್ಜ ಹೋದ ಎಷ್ಟೋ ವರ್ಷದ ಮೇಲೆ ಬಂದದ್ದು. ಕೆತ್ತಿದವನು ಮುತ್ತಜ್ಜನನ್ನು ನೋಡಿಲ್ಲ. ಅವನ ಕೈಗೆ ಅಜ್ಜ ಒಂದು ಚೀಟಿ ಕೊಟ್ಟಿರಬೇಕು, ಅಷ್ಟೇ. ಕಲ್ಲಿನ ಮೇಲೆ ಇದ್ದದ್ದಕ್ಕೆ ನಾವು ಕಾಗದಕ್ಕಿಂತ ಜಾಸ್ತಿ ಮರ್ಯಾದೆ ಕೊಡುತ್ತೇವೆ. ಗಟ್ಟಿಯಾಗಿದೆ, ಅಳಿಸೋದಿಲ್ಲ, ಅದಕ್ಕೇ ನಿಜ ಇರಬೇಕು ಅನ್ನೋ ಭಾವನೆ. ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಕೆತ್ತಬಹುದು ಅನ್ನೋದು ಹೊಳೆಯೋದಿಲ್ಲ.

ಮೊದಲು 1976ರ ಕಥೆ ಮುಗಿಸಿಬಿಡುತ್ತೇನೆ, ಅದು ಸುಲಭ. ದೊಡ್ಡಪ್ಪನ ಮಗ ಒಬ್ಬ ಮಳೆಗಾಲದಲ್ಲಿ ಊರಿಗೆ ಬಂದಾಗ ಮೊಬೈಲಿನಲ್ಲಿ ಕಲ್ಲಿನ ಫೋಟೋ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿದ. ಅದೂ ಅಂಕಿ ಇರುವ ಜಾಗದ್ದು ಮಾತ್ರ. ಮಲೆನಾಡಿನ ಮಳೆಗೆ ಕಲ್ಲು ಹಸಿರಾಗಿರುತ್ತದೆ. ಕೆತ್ತಿದ ಗೀರಿನೊಳಗೆ ಪಾಚಿ ಕೂತರೆ ಕನ್ನಡದ ಅಂಕಿಗಳಲ್ಲಿ ೬ ಯಾವುದು, ೯ ಯಾವುದು ಅಂತ ಗೊತ್ತಾಗೋದು ಕಷ್ಟ. ೧ರ ಬಾಯಿ ಮುಚ್ಚಿಹೋದರೆ ಅದೇ ಸೊನ್ನೆ. ೧೮೬೮ ಅವನ ಕಣ್ಣಿಗೆ ೧೮೯೮ ಆಯಿತು. ಶಕವರ್ಷಕ್ಕೆ 78 ಕೂಡಿಸಬೇಕು ಅನ್ನೋದು ಅವನಿಗೆ ಗೊತ್ತಿತ್ತು, ಕೂಡಿಸಿದ, 1976 ಬಂತು. ಕೂಡಿಸಿದ್ದು ಸರಿ, ಓದಿದ್ದು ತಪ್ಪು.

ಆದರೆ ಅದೇ ಕಲ್ಲಿನಲ್ಲಿ ‘ವ್ಯಯ’ ಅಂತಲೂ ಇದೆಯಲ್ಲ, ಅದೇ ಅವನನ್ನು ಹಿಡಿದುಕೊಡುತ್ತದೆ. 1976ರ ಯುಗಾದಿಯಿಂದ ನಡೆದದ್ದು ನಳ ಸಂವತ್ಸರ. ವ್ಯಯ ಬಂದದ್ದು 1946-47ರಲ್ಲಿ. ಅದಕ್ಕೆ ಹಿಂದೆ 1886-87, ಅದಾದ ಮೇಲೆ 2006-07. ಅರವತ್ತು ಸಂವತ್ಸರದ ಚಕ್ರ ಅಲ್ವಾ, ಬರೀ ಸಂವತ್ಸರದ ಹೆಸರಿದ್ದರೆ ಯಾವ ಸುತ್ತು ಅಂತ ಹೇಳೋಕಾಗೋದಿಲ್ಲ. ಬರೀ ಶಕವರ್ಷದ ಅಂಕಿ ಇದ್ದರೆ ಒಂದು ಅಂಕಿ ಮಾಸಿದರೂ ಕೆಟ್ಟಿತು. ಎರಡೂ ಒಟ್ಟಿಗೆ ಇದ್ದಾಗ ಒಂದಕ್ಕೊಂದು ಕಾವಲು. ಹಳೆಯ ಶಾಸನ ಓದುವವರು ಮಾಡೋದೂ ಇದನ್ನೇ. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಗ್ರಹದ 7 ಮತ್ತು 8ನೇ ಸಂಪುಟಗಳಲ್ಲಿ ನಮ್ಮ ಜಿಲ್ಲೆಯ ಶಾಸನಗಳನ್ನು ಒಟ್ಟು ಮಾಡಿದ್ದಾರೆ. ಇಂಥ ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲವನ್ನೂ ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಹೊಂದಿದರೆ ಸರಿ. ಹೊಂದದಿದ್ದರೆ ‘ಹೊಂದುವುದಿಲ್ಲ’ ಅಂತಲೇ ಬರೆದು ಮುಂದೆ ಹೋಗುತ್ತಾರೆ. ಆ ಧೈರ್ಯ ನಮಗೆ ಬರೋದಿಲ್ಲ. ವಂಶವೃಕ್ಷದ ಖಾಲಿ ಜಾಗ ಕಂಡರೆ ತುಂಬಲೇಬೇಕು ನಮಗೆ.

ಇಲ್ಲೊಂದು ಕಿವಿಮಾತು. ಹಳೇ ಕಲ್ಲಿನ ಅಕ್ಷರ ಕಾಣಲಿ ಅಂತ ಸುಣ್ಣ ಬಳಿಯೋದು, ಚಾಕ್‌ಪೀಸ್ ಉಜ್ಜೋದು, ತಂತಿ ಬ್ರಷ್ಷಿನಲ್ಲಿ ತಿಕ್ಕೋದು ಮಾಡಬೇಡಿ. ಕಲ್ಲು ಹಾಳಾಗುತ್ತದೆ. ಬೆಳಿಗ್ಗೆ ಅಥವಾ ಸಂಜೆ ಓರೆ ಬಿಸಿಲು ಬೀಳುವಾಗ ಹೋಗಿ. ಬಿಸಿಲಿಲ್ಲದಿದ್ದರೆ ಪಕ್ಕದಿಂದ ಟಾರ್ಚ್ ಹಿಡಿಯಿರಿ. ಗೀರಿನೊಳಗೆ ನೆರಳು ಬಿದ್ದು ಅಂಕಿ ತಾನಾಗೇ ಎದ್ದು ಕಾಣುತ್ತದೆ. ಇಡೀ ಕಲ್ಲಿನ ಫೋಟೋ ತೆಗೆಯಿರಿ, ಬರೀ ಅಂಕಿಯದ್ದಲ್ಲ.

ಇನ್ನು 1946. ಇದನ್ನು ಬರೆದವರು ಕಲ್ಲನ್ನು ಸರಿಯಾಗಿಯೇ ಓದಿದ್ದರು. 1868ಕ್ಕೆ 78 ಸೇರಿಸಿದರು, 1946. ತೊಂದರೆ ಇರೋದು ಮಾಘದಲ್ಲಿ. ನಮ್ಮ ವರ್ಷ ಶುರುವಾಗೋದು ಯುಗಾದಿಗೆ. ವ್ಯಯ ಸಂವತ್ಸರ 1946ರ ಏಪ್ರಿಲ್ ಮೊದಲ ವಾರದಲ್ಲಿ ಶುರುವಾಗಿ 1947ರ ಮಾರ್ಚ್‌ವರೆಗೆ ನಡೆಯಿತು. ಮಾಘ ಬರುವಷ್ಟರಲ್ಲಿ ಇಂಗ್ಲಿಷ್ ವರ್ಷ ಬದಲಾಗಿರುತ್ತದೆ. ಯುಗಾದಿಯಿಂದ ಡಿಸೆಂಬರ್ ಕೊನೆವರೆಗೆ 78 ಕೂಡಿಸಿ, ಜನವರಿಯಿಂದ ಫಾಲ್ಗುಣದ ಅಮಾವಾಸ್ಯೆವರೆಗೆ 79 ಕೂಡಿಸಿ. ಇಷ್ಟೇ ವಿಷಯ. ಆದರೆ ಪುಷ್ಯ, ಮಾಘ, ಫಾಲ್ಗುಣದಲ್ಲಿ ಹೋದವರೆಲ್ಲ ಆನ್‌ಲೈನ್ ವಂಶವೃಕ್ಷಗಳಲ್ಲಿ ಒಂದು ವರ್ಷ ಮೊದಲೇ ಹೋಗಿರುತ್ತಾರೆ.

ಇದು ನಮ್ಮ ಪಂಚಾಂಗದ ತಾಪತ್ರಯ ಮಾತ್ರ ಅಂದುಕೊಳ್ಳಬೇಡಿ. ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಕಾನೂನಿನ ಪ್ರಕಾರ ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಜಾರ್ಜ್ ವಾಷಿಂಗ್ಟನ್ ಹುಟ್ಟಿದ್ದು ಹಳೇ ಲೆಕ್ಕದಲ್ಲಿ 1731ರ ಫೆಬ್ರವರಿ 11, ಹೊಸ ಲೆಕ್ಕದಲ್ಲಿ 1732ರ ಫೆಬ್ರವರಿ 22. ದಿನವೂ ಬದಲಾಯಿತು, ವರ್ಷವೂ ಬದಲಾಯಿತು. ಅಲ್ಲಿಯ ಹಳೇ ದಾಖಲೆಗಳಲ್ಲಿ 1731/32 ಅಂತ ಎರಡು ವರ್ಷ ಜೋಡಿಸಿ ಬರೆದದ್ದು ಕಾಣುತ್ತದೆ. ನಾವೂ ಮಾಘ ಫಾಲ್ಗುಣಕ್ಕೆ ಹಾಗೆ 1946/47 ಅಂತ ಬರೆಯುವುದು ಒಳ್ಳೆಯದು.

1947ರ ಜನವರಿ ಬಂದದ್ದು ಇನ್ನೂ ಸ್ವಾರಸ್ಯ. ಅಮೆರಿಕದಲ್ಲಿರುವ ನಮ್ಮ ಅಣ್ಣ ಒಬ್ಬರು ಬಹಳ ಶಿಸ್ತಿನ ಮನುಷ್ಯ. ತಿಥಿಯನ್ನು ಇಂಗ್ಲಿಷ್ ತಾರೀಕಿಗೆ ಬದಲಾಯಿಸುವ ವೆಬ್‌ಸೈಟ್ ಒಂದರಲ್ಲಿ ಮಾಘ, ಕೃಷ್ಣಪಕ್ಷ, ಪಂಚಮಿ ಅಂತ ಹಾಕಿದರು. ಅದು ಜನವರಿ ತೋರಿಸಿತು. ವೆಬ್‌ಸೈಟ್ ಲೆಕ್ಕ ಹಾಕಿದ್ದು ಉತ್ತರದ ಪದ್ಧತಿಯಲ್ಲಿ. ಅವರಿಗೆ ತಿಂಗಳು ಮುಗಿಯೋದು ಹುಣ್ಣಿಮೆಗೆ, ನಮಗೆ ಅಮಾವಾಸ್ಯೆಗೆ. ಶುಕ್ಲಪಕ್ಷದಲ್ಲಿ ಇಬ್ಬರಿಗೂ ತಿಂಗಳ ಹೆಸರು ಒಂದೇ. ಬಹುಳದಲ್ಲಿ ಮಾತ್ರ ಅವರು ಒಂದು ತಿಂಗಳು ಮುಂದೆ. ಮಹಾಶಿವರಾತ್ರಿ ನಮಗೆ ಮಾಘ ಬಹುಳ ಚತುರ್ದಶಿ, ಅವರಿಗೆ ಫಾಲ್ಗುಣ ಕೃಷ್ಣ ಚತುರ್ದಶಿ. ಹಬ್ಬ ಎಲ್ಲರಿಗೂ ಅದೇ ರಾತ್ರಿ. ಹಾಗಾಗಿ ನಮ್ಮ ಕಲ್ಲಿನ ‘ಮಾಘ ಬಹುಳ’ವನ್ನು ಆ ವೆಬ್‌ಸೈಟಿಗೆ ಹಾಕುವಾಗ ‘ಫಾಲ್ಗುಣ ಕೃಷ್ಣ’ ಅಂತ ಹಾಕಬೇಕಿತ್ತು. ಆಗ ಫೆಬ್ರವರಿ ಬರುತ್ತದೆ.

ಇನ್ನೂ ಒಂದು ಗುಂಡಿ ಇದೆ, ಅದರಲ್ಲಿ ಸದ್ಯ ನಮ್ಮಲ್ಲಿ ಯಾರೂ ಬಿದ್ದಿಲ್ಲ. ಕೆಲವು ಕಡೆ ‘ಶಕ ಪಂಚಾಂಗ’ ಅಂತ ಇರೋದು ಸರ್ಕಾರ 1957ರ ಮಾರ್ಚ್ 22ರಿಂದ ಜಾರಿಗೆ ತಂದ ರಾಷ್ಟ್ರೀಯ ಪಂಚಾಂಗ. ಅದು ಸೌರಮಾನ. ಅದರಲ್ಲಿ ಮಾಘ ಅಂದರೆ ಪ್ರತಿ ವರ್ಷ ಜನವರಿ 21ಕ್ಕೇ ಶುರು. ಮನೆಯ ಪಂಚಾಂಗದ ಮಾಘಕ್ಕೂ ಅದಕ್ಕೂ ಹೆಸರು ಬಿಟ್ಟರೆ ಸಂಬಂಧ ಕಡಿಮೆ.

ಕೋಪ ಬರುವ ವಿಷಯ ಇನ್ನೊಂದಿದೆ. ವಂಶವೃಕ್ಷದ ಮಾಹಿತಿಯನ್ನು ಒಂದು ಜಾಲತಾಣದಿಂದ ಇನ್ನೊಂದಕ್ಕೆ ಸಾಗಿಸಲು ಜೆಡ್‌ಕಾಮ್ ಅನ್ನುವ ಫೈಲ್ ಬಳಸುತ್ತಾರೆ. ಅದರಲ್ಲಿ ಗ್ರೆಗೋರಿಯನ್ ಅಲ್ಲದೆ ಜೂಲಿಯನ್, ಹೀಬ್ರೂ ಪಂಚಾಂಗಕ್ಕೆ ಜಾಗ ಇದೆ. ಫ್ರೆಂಚ್ ಕ್ರಾಂತಿಯವರು ಮಾಡಿಕೊಂಡ ಪಂಚಾಂಗಕ್ಕೂ ಇದೆ, ಅದು 1793ರಿಂದ 1805ರವರೆಗೆ ನಡೆದು ನಿಂತುಹೋದದ್ದು. ಶಾಲಿವಾಹನ ಶಕಕ್ಕೆ ಇಲ್ಲ. ಇವತ್ತಿಗೂ ಮನೆಮನೆಯ ಗೋಡೆಯ ಮೇಲಿರುವ ಲೆಕ್ಕ ಇದು ಮಾರಾಯ್ರೇ!

ಸರಿ, 1951ಕ್ಕೆ ಬರೋಣ. ಇದಕ್ಕೆ ಕಲ್ಲಿನ ಗೊಡವೆಯೇ ಇಲ್ಲ, ಇದು ಕಾಗದದ್ದು. ಜಮೀನಿನ ಹಕ್ಕು ಬದಲಾದದ್ದನ್ನು ಬರೆಯುವ ಮ್ಯುಟೇಶನ್ ರಿಜಿಸ್ಟರಿನಲ್ಲಿ ಮುತ್ತಜ್ಜ ಮೃತರಾದ್ದರಿಂದ ಅಜ್ಜನ ಹೆಸರಿಗೆ ಪೌತಿ ಖಾತೆ ಮಾಡಿದ್ದು ಅಂತ ಇದೆ, ಪಕ್ಕದಲ್ಲಿ 1951ರ ತಾರೀಕು. ನೋಡಿದವರು ಅದನ್ನೇ ತೀರಿಕೊಂಡ ತಾರೀಕು ಅಂತ ಏರಿಸಿದರು. ಸರ್ಕಾರಿ ದಾಖಲೆ, ಸೀಲು ಇದೆ, ಸಹಿ ಇದೆ. ಇನ್ನೇನು ಬೇಕು?

ನಮ್ಮ ಕಡೆಯವರಿಗೆ ಪೌತಿ ಖಾತೆಯ ಗತಿ ಹೇಳಬೇಕಾಗಿಲ್ಲ. ಅಣ್ಣತಮ್ಮಂದಿರು ಪಾಲಾಗುವ ಹೊತ್ತಿಗೋ, ಸಾಲ ತೆಗೆಯುವ ಹೊತ್ತಿಗೋ, ಅಡಿಕೆ ತೋಟ ಮಾರುವ ಹೊತ್ತಿಗೋ ಅದು ನೆನಪಾಗುತ್ತದೆ. ಅಲ್ಲಿವರೆಗೆ ಪಹಣಿಯಲ್ಲಿ ಸತ್ತವರೇ ಸಾಗುವಳಿ ಮಾಡುತ್ತಿರುತ್ತಾರೆ. ಮಲೆನಾಡಿನಲ್ಲಿ ಎಷ್ಟೋ ಪಹಣಿಗಳಲ್ಲಿ ಇವತ್ತಿಗೂ ಅಜ್ಜಂದಿರು ಆರೋಗ್ಯವಾಗಿದ್ದಾರೆ. ಹಾಗಾಗಿ ಆ ಪುಟ ಹೇಳೋದು ಇಷ್ಟು: 1951ರ ಆ ತಾರೀಕಿಗೆ ಮುತ್ತಜ್ಜ ಇರಲಿಲ್ಲ. ಯಾವಾಗ ಹೋದರು ಅನ್ನೋದನ್ನು ಆ ಪುಟ ಹೇಳಿಯೇ ಇಲ್ಲ, ಕೇಳಿದವರು ನಾವು. ವಂಶವೃಕ್ಷದಲ್ಲಿ ‘1951ಕ್ಕೆ ಮುಂಚೆ’ ಅಂತ ಹಾಕಿದ್ದರೆ ಅದು ಅಪ್ಪಟ ಸತ್ಯ ಆಗುತ್ತಿತ್ತು.

ಮರಣ ಪ್ರಮಾಣಪತ್ರದಲ್ಲೂ ಇದೇ ಎಡವಟ್ಟು. ಜನನ ಮರಣ ನೋಂದಣಿ ಕಾಯ್ದೆ 1969ರದ್ದು. 21 ದಿನದೊಳಗೆ ತಿಳಿಸಬೇಕು. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ಆ ಹಾಳೆಯಲ್ಲಿ ಎರಡು ತಾರೀಕು ಇರುತ್ತದೆ, ಮರಣದ್ದು ಒಂದು, ನೋಂದಣಿಯದ್ದು ಒಂದು. ಆತುರದವರು ಎರಡನೆಯದನ್ನು ಎತ್ತಿಕೊಳ್ಳುತ್ತಾರೆ. ತಡವಾಗಿ ಮಾಡಿಸಿದ ನೋಂದಣಿಯಾದರೆ ಮೊದಲನೆಯದೂ ಅಫಿಡವಿಟ್‌ನಲ್ಲಿ ಮನೆಯವರು ಹೇಳಿದ್ದೇ. ಅಲ್ಲಿಗೆ ಕಾಗದದ ಸಾಕ್ಷಿ ಮತ್ತೆ ಬಾಯಿಮಾತಿಗೇ ಬಂತು.

ಶಿವಮೊಗ್ಗದ ನನ್ನ ಸ್ನೇಹಿತನೊಬ್ಬನದು ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬ. ಅವರ ದಾಖಲೆ ನೋಡಿದರೆ ನನಗೆ ಹೊಟ್ಟೆಕಿಚ್ಚು. ಇಗರ್ಜಿಯ ರಿಜಿಸ್ಟರಿನಲ್ಲಿ ಆಗಿಂದಾಗಲೇ ಬರೆದಿಟ್ಟದ್ದು. ಆದರೂ ಅವನಿಗೂ ಜಗಳ ತಪ್ಪಿಲ್ಲ. ರಿಜಿಸ್ಟರಿನಲ್ಲಿ ಎದ್ದು ಕಾಣೋದು ಜ್ಞಾನಸ್ನಾನದ ತಾರೀಕು, ಹುಟ್ಟಿದ್ದು ಅದಕ್ಕೆ ಮುಂಚೆ. ಕೊನೆಯಲ್ಲಿ ಇರೋದು ಮಣ್ಣು ಮಾಡಿದ ತಾರೀಕು, ಪ್ರಾಣ ಹೋದದ್ದು ಹಿಂದಿನ ದಿನ. ಸಮಾಧಿ ಕಲ್ಲಿನಲ್ಲಿ ಗಂಡ ಹೆಂಡತಿ ಇಬ್ಬರ ಹೆಸರೂ ಇದೆ. ಗಂಡ ಹೋದಾಗಲೇ ಹೆಂಡತಿಯ ಹೆಸರನ್ನೂ ಹುಟ್ಟಿದ ವರ್ಷವನ್ನೂ ಕೆತ್ತಿಸಿ, ಮುಂದಿನದಕ್ಕೆ ಜಾಗ ಬಿಟ್ಟಿದ್ದರು. ಆಮೇಲೆ ಯಾರೂ ತುಂಬಲಿಲ್ಲ. ಸಮಾಧಿಗಳ ಫೋಟೋ ಏರಿಸುವ ಜಾಲತಾಣದಲ್ಲಿ ಆ ಕಲ್ಲು ನೋಡಿದವರು ಅಜ್ಜಿ ಇನ್ನೂ ಇದ್ದಾರೆ ಅಂದುಕೊಳ್ಳಬೇಕು.

ಇಷ್ಟೆಲ್ಲ ನೋಡಿದ ಮೇಲೆ ‘ಕಲ್ಲು ನಂಬಬೇಕಾ, ಕಾಗದ ನಂಬಬೇಕಾ’ ಅನ್ನುವ ಪ್ರಶ್ನೆಯೇ ನನಗೆ ಸರಿ ಕಾಣೋದಿಲ್ಲ. ಒಂದು ದಿನಾಂಕವನ್ನು ಇಡಿಯಾಗಿ ನಂಬೋದು ಅಥವಾ ಇಡಿಯಾಗಿ ಬಿಡೋದು ಯಾಕೆ? ಬಿಡಿಸಿ ನೋಡಬಹುದಲ್ಲ. ನಮ್ಮ ಮನೆಗಳಲ್ಲಿ ದಿನ ಬಂದ ದಾರಿ ಬೇರೆ, ವರ್ಷ ಬಂದ ದಾರಿ ಬೇರೆ.

ಮುತ್ತಜ್ಜ ಹೋದ ದಿನವನ್ನು ಮನೆಯವರು ಪ್ರತಿ ವರ್ಷ ನೆನೆಯುತ್ತಾ ಬಂದಿದ್ದಾರೆ. ಶಿವರಾತ್ರಿಗೆ ಮುಂಚಿನ ಆ ಪಂಚಮಿಗೆ ಎಡೆ ಇಡಬೇಕು, ಜಂಗಮರನ್ನು ಕರೆಯಬೇಕು. ಮುಳುಗಡೆಯಾಗಿ ಊರೇ ಚದುರಿದ ವರ್ಷವೂ ಅದು ತಪ್ಪಲಿಲ್ಲವಂತೆ. ವರ್ಷವರ್ಷ ಮಾಡಿದ್ದು ಮರೆಯೋದಿಲ್ಲ. ಆದರೆ ‘ಇದು ಇಷ್ಟನೇ ವರ್ಷ’ ಅಂತ ಯಾರೂ ಎಣಿಸಿಕೊಂಡು ಬರೋದಿಲ್ಲ. ಹಾಗಾಗಿ ಕಲ್ಲಿನ ತಿಥಿಯನ್ನು ನಾನು ಕಣ್ಣು ಮುಚ್ಚಿ ನಂಬುತ್ತೇನೆ. ವರ್ಷವನ್ನು ಮಾತ್ರ ಬೇರೆ ಕಡೆ ಒರೆಗೆ ಹಚ್ಚಬೇಕು. ಸರ್ಕಾರಿ ಕಾಗದಕ್ಕೆ ಇದೇ ತಿರುಗಾಮುರುಗಾ. ಅದರ ವರ್ಷಕ್ಕೆ ಒಂದು ಬೆಲೆ ಇದೆ, ಯಾಕೆಂದರೆ ಹಿಂದೆ ಮುಂದೆ ಬೇರೆ ನಮೂದುಗಳು ಸಾಲಾಗಿ ಕೂತಿರುತ್ತವೆ. ದಿನ ಮಾತ್ರ ಗುಮಾಸ್ತರು ಪುಸ್ತಕ ತೆರೆದ ದಿನ.

ವರ್ಷಕ್ಕೆ ನನಗೆ ಸಿಕ್ಕ ಸಾಕ್ಷಿ ಚಿಕ್ಕಜ್ಜಿ. ಮುತ್ತಜ್ಜನ ಕೊನೇ ಮಗಳು, ಆಗ ಹತ್ತು ವರ್ಷದ ಆಸುಪಾಸು. ಹಳಬರ ಹತ್ತಿರ ‘ಯಾವ ಇಸವಿ’ ಅಂತ ಕೇಳಬಾರದು. ಕೇಳಿದರೆ ಏನೋ ಒಂದು ಇಸವಿ ಹೇಳಿಬಿಡುತ್ತಾರೆ, ಅದು ಮತ್ತೊಂದು ತಲೆನೋವು. ಏನು ಮೊದಲು, ಏನು ಆಮೇಲೆ ಅಂತ ಕೇಳಬೇಕು. ನಮ್ಮ ಕಡೆ ಅದಕ್ಕೆ ಗೂಟಗಳು ಬೇಕಾದಷ್ಟಿವೆ. ಗಾಂಧೀಜಿ ಶಿವಮೊಗ್ಗ ಕಡೆಗೆ ಬಂದದ್ದು 1927. ಕ್ವಿಟ್ ಇಂಡಿಯಾ ಕಾಲದ ಈಸೂರಿನ ಗಲಾಟೆ 1942. ಜೋಗದಲ್ಲಿ ಕರೆಂಟು ತೆಗೆಯಲು ಶುರು ಮಾಡಿದ್ದು 1948. ಲಿಂಗನಮಕ್ಕಿ 1964. ಈ ಗೂಟಗಳ ನಡುವೆ ಮನೆಯ ಸಾವು, ಹುಟ್ಟು, ಮದುವೆ ಎಲ್ಲಿ ಕೂರುತ್ತದೆ ಅಂತ ನೋಡಬೇಕು.

“ಅಜ್ಜಿ, ಈಸೂರಿನ ಗಲಾಟೆ ಆಗಿ ಎಷ್ಟು ವರ್ಷಕ್ಕೆ ಮುತ್ತಜ್ಜ ಹೋದ್ದು?” ಅಂತ ಶುರು ಮಾಡಿದೆ.

“ಈಸೂರು ನಂಗೆ ಗೊತ್ತಿಲ್ಲ ಮಗಾ, ನಾ ಆಗ ಸಣ್ಣೋಳು. ಅಪ್ಪ ಹೋದಾಗ ಶಿವರಾತ್ರಿಗೆ ಒಂದು ವಾರ ಇತ್ತು. ಹಬ್ಬಕ್ಕೆ ಅಂತ ತಂದಿದ್ದ ಬೆಲ್ಲದ ಅಚ್ಚು ಹಾಗೇ ಉಳೀತು. ಅದೇ ಮಳೆಗಾಲದಲ್ಲಿ ಸ್ವಾತಂತ್ರ್ಯ ಬಂತು ಅಂತ ಎಲ್ಲ ಹೇಳ್ತಿದ್ರು. ಅಪ್ಪ ಇದ್ದಿದ್ರೆ ಖುಷಿ ಪಡ್ತಿದ್ರು ಅಂತ ಅಮ್ಮ ಅತ್ತಿದ್ದು ನೆನಪಿದೆ.”

ಅಷ್ಟರಲ್ಲಿ ಎಲ್ಲ ಇದೆ. ಶಿವರಾತ್ರಿಗೆ ಒಂದು ವಾರ ಅಂದರೆ ಬಹುಳ ಪಂಚಮಿಗೆ ಹೊಂದುತ್ತದೆ. ಅಮೆರಿಕದ ಅಣ್ಣನ ಜನವರಿ ಅಲ್ಲಿಗೆ ಬಿತ್ತು. ಅದೇ ಮಳೆಗಾಲದಲ್ಲಿ ಸ್ವಾತಂತ್ರ್ಯ ಅಂದರೆ 1947. ಕಲ್ಲಿನ ಶಕವರ್ಷ, ಸಂವತ್ಸರ ಎರಡೂ ಅಲ್ಲಿಗೇ ಬರುತ್ತವೆ. ಚಿಕ್ಕಜ್ಜಿಗೆ ಕಲ್ಲು ಓದಲು ಬರೋದಿಲ್ಲ, ಅದರಲ್ಲಿ ಏನು ಬರೆದಿದೆ ಅಂತ ನಾನೂ ಹೇಳಿರಲಿಲ್ಲ. ಇದು ಮುಖ್ಯ. ಒಂದನ್ನು ನೋಡಿ ಇನ್ನೊಂದು ಹೇಳಿದ್ದಲ್ಲ, ಎರಡೂ ಬೇರೆ ಬೇರೆ ಬಾಯಿ. ಹತ್ತು ವಂಶವೃಕ್ಷಗಳಲ್ಲಿ 1946 ಅಂತ ಇದ್ದರೂ ಅದು ಹತ್ತು ಸಾಕ್ಷಿ ಆಗೋದಿಲ್ಲ. ಒಬ್ಬರು ಬರೆದದ್ದನ್ನು ಒಂಬತ್ತು ಜನ ಕಾಪಿ ಹೊಡೆದದ್ದು, ಅಷ್ಟೇ.

ಇನ್ನು ಇದನ್ನು ಏರಿಸೋದು ಹೇಗೆ? ಫ್ಯಾಮಿಲಿಸರ್ಚ್, ವಿಕಿಟ್ರೀ, ಜೆನಿ ಇಂಥ ವಂಶವೃಕ್ಷದ ಜಾಲತಾಣಗಳಲ್ಲಿ ಮರ ಎಲ್ಲರಿಗೂ ಸೇರಿ ಒಂದೇ. ನಾನು ಇವತ್ತು ತಿದ್ದಿದ್ದನ್ನು ನಾಳೆ ಇನ್ನೊಬ್ಬರು ತಿದ್ದಬಹುದು. ಬರೀ ತಾರೀಕು ಬದಲಾಯಿಸಿ ಸುಮ್ಮನಾದರೆ ಈ ಹಗ್ಗಜಗ್ಗಾಟ ಮುಗಿಯೋದಿಲ್ಲ. ಫ್ಯಾಮಿಲಿಸರ್ಚ್‌ನಲ್ಲಿ ತಾರೀಕಿನ ಕೆಳಗೆ ‘ಇದು ಸರಿ ಎನ್ನಲು ಕಾರಣ’ ಬರೆಯುವ ಒಂದು ಪೆಟ್ಟಿಗೆ ಇದೆ. ಬಹಳ ಜನ ಅದನ್ನು ಖಾಲಿ ಬಿಡುತ್ತಾರೆ. ನನ್ನ ಪ್ರಕಾರ ಇಡೀ ಪುಟದಲ್ಲಿ ಬೆಲೆ ಬಾಳುವ ಜಾಗ ಅದೊಂದೇ. ನಾನು ಅಲ್ಲಿ ಹೀಗೆ ಬರೆದೆ:

‘ಮರಣ: 1947ರ ಫೆಬ್ರವರಿ. ಕಲ್ಲಿನಲ್ಲಿ ಇರುವುದು ಶಕ 1868, ವ್ಯಯ, ಮಾಘ ಬಹುಳ 5. ಕಲ್ಲು ನಿಲ್ಲಿಸಿದ್ದು 1964ರ ನಂತರ. ತಿಥಿ ಮನೆಯ ವಾರ್ಷಿಕ ಆಚರಣೆಗೆ ಹೊಂದುತ್ತದೆ. ವರ್ಷಕ್ಕೆ ಮಗಳ ನೆನಪು ಸಾಕ್ಷಿ. 1946 ಎಂದರೆ ಮಾಘಕ್ಕೆ 78 ಕೂಡಿಸಿದ್ದು, 79 ಕೂಡಿಸಬೇಕು. ಜನವರಿ ಎಂದರೆ ಉತ್ತರದ ಮಾಸದ ಲೆಕ್ಕ. 1951 ಪೌತಿ ಖಾತೆಯ ತಾರೀಕು. 1976 ಎಂದರೆ ೬ನ್ನು ೯ ಎಂದು ಓದಿದ್ದು.’

ತಪ್ಪು ತಾರೀಕುಗಳನ್ನೂ ಯಾಕೆ ಬರೆದೆ ಅಂತ ತಂಗಿ ಕೇಳಿದಳು. ಅಳಿಸಿದರೆ ಅವು ಮತ್ತೆ ಬರುತ್ತವೆ. ಮುಂದೆ ಯಾರೋ ಅದೇ ಮ್ಯುಟೇಶನ್ ಪುಟ ಹುಡುಕಿ, ಹೊಸದೇನೋ ಸಿಕ್ಕಿತು ಅಂತ ಹಿಗ್ಗಿ, 1951 ಹಾಕಿಬಿಡುತ್ತಾರೆ. ‘ಇದನ್ನು ನೋಡಿಯಾಗಿದೆ’ ಅಂತ ಗೊತ್ತಾದರೆ ಕೈ ತಡೆಯುತ್ತದೆ. ತಾರೀಕನ್ನು ಫೆಬ್ರವರಿ 10 ಅಂತ ನಿಖರವಾಗಿ ಯಾಕೆ ಹಾಕಲಿಲ್ಲ ಅಂತಲೂ ಕೇಳಿದರು. ಪಂಚಮಿ ಯಾವ ಹೊತ್ತಿಗೆ ಶುರು, ಯಾವ ಹೊತ್ತಿಗೆ ಮುಗೀತು, ಪ್ರಾಣ ಹೋದದ್ದು ಯಾವ ಹೊತ್ತಿಗೆ, ಇದೆಲ್ಲ ಬೇಕು. ನಮ್ಮವರಿಗೆ ದಿನ ಶುರುವಾಗೋದು ಸೂರ್ಯ ಹುಟ್ಟಿದಾಗ, ಕಚೇರಿಗೆ ನಡುರಾತ್ರಿ. ಬೆಳಗಿನ ಜಾವ ಮೂರಕ್ಕೆ ಹೋದವರನ್ನು ಮನೆಯವರು ಸೋಮವಾರ ರಾತ್ರಿ ಹೋದರು ಅನ್ನುತ್ತಾರೆ, ಕಾಗದ ಮಂಗಳವಾರ ಅನ್ನುತ್ತದೆ. ಇಬ್ಬರೂ ಸರಿ.

ಉಳಿದದ್ದು ಹುಟ್ಟಿದ ವರ್ಷ. ಇದು ಬಗೆಹರಿದಿಲ್ಲ. ಕಲ್ಲಿನಲ್ಲಿ ‘ವಯಸ್ಸು ೮೦’ ಇದೆ. 1947ರಿಂದ 80 ಕಳೆದು ಎಲ್ಲರೂ 1867 ಅಂತ ಹಾಕಿಕೊಂಡಿದ್ದಾರೆ. ಸಾವಿನ ಬಗ್ಗೆ ಬರೆದದ್ದರಲ್ಲಿ ಸಾವಿನ ಮಾತು ಎಷ್ಟೋ ವಾಸಿ, ಹುಟ್ಟಿನ ಮಾತು ತೀರಾ ಸಡಿಲ. ಯಾಕೆಂದರೆ ಹೇಳುವ ಮಗ ಅಪ್ಪ ಹೋದದ್ದನ್ನು ನೋಡಿರುತ್ತಾನೆ, ಹುಟ್ಟಿದ್ದನ್ನು ನೋಡಿರೋದಿಲ್ಲ. ಅದೂ ಎಂಬತ್ತು ಅನ್ನೋ ಥರ ಗುಂಡಾದ ಅಂಕಿ ಕಂಡರೆ ಅನುಮಾನ ಪಡಲೇಬೇಕು. ಜನಗಣತಿಯವರಿಗೆ ಇದು ಹಳೇ ತಲೆನೋವು. ವಯಸ್ಸು ಕೇಳಿದರೆ ಜನ ಸೊನ್ನೆ ಅಥವಾ ಐದರಲ್ಲಿ ಮುಗಿಯುವ ಅಂಕಿಯನ್ನೇ ಹೇಳುತ್ತಾರೆ. ನಮ್ಮ ಅಪ್ಪಂದಿರ ಪೀಳಿಗೆಯಲ್ಲಿ ಅರ್ಧ ಕರ್ನಾಟಕ ಜೂನ್ 1ಕ್ಕೆ ಹುಟ್ಟಿಲ್ಲವಾ? ಶಾಲೆಗೆ ಸೇರಿಸಿದ ದಿನ ಮೇಷ್ಟ್ರು ಬರೆದದ್ದೇ ಹುಟ್ಟಿದ ಹಬ್ಬ, ಆಮೇಲೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಅಲ್ಲಿಂದ ಪಿಂಚಣಿವರೆಗೆ ಅದೇ.

ಚಿಕ್ಕಜ್ಜಿಯನ್ನೇ ಕೇಳಿದೆ. “ಎಂಬತ್ತಾ? ಹಲ್ಲಿಲ್ದೋರಿಗೆಲ್ಲ ಎಂಬತ್ತೇ. ಅಪ್ಪಂಗೆ ಹಲ್ಲಿದ್ವು, ಕೋಡುಬಳೆ ತಿಂತಿದ್ರು” ಅಂದರು.

ಮುತ್ತಜ್ಜನಿಗೆ ಎಂಬತ್ತು ಆಗಿದ್ದರೆ ಚಿಕ್ಕಜ್ಜಿ ಹುಟ್ಟಿದಾಗ ಅವರಿಗೆ ಎಪ್ಪತ್ತು. ಆಗಬಾರದು ಅಂತಿಲ್ಲ. ಆದರೆ ಕೊನೇ ಮಗಳಿಗೂ ಮೊದಲನೇ ಮಗನಾದ ನಮ್ಮ ಅಜ್ಜನಿಗೂ ಇರುವ ಅಂತರ, ಅಜ್ಜನ ಮದುವೆ, ಮುತ್ತಜ್ಜಿಯ ವಯಸ್ಸು ಎಲ್ಲ ಹಾಕಿ ನೋಡಿದರೆ 1875ರಿಂದ 1885ರ ನಡುವೆ ಹುಟ್ಟಿರಬೇಕು ಅನ್ನಿಸುತ್ತದೆ. ನಾನು ಹಾಗೇ, ‘ನಡುವೆ’ ಅಂತಲೇ ಹಾಕಿದ್ದೇನೆ. ಜೆಡ್‌ಕಾಮ್‌ಗೆ ಅದು ಬರುತ್ತದೆ: ಸುಮಾರು, ಮುಂಚೆ, ನಂತರ, ಇದರಿಂದ ಅದರ ನಡುವೆ, ನಾಲ್ಕೂ. ಕಲ್ಲಿನ ಎಂಬತ್ತನ್ನು ಟಿಪ್ಪಣಿಯಲ್ಲಿ ಇದ್ದ ಹಾಗೇ ಇಟ್ಟಿದ್ದೇನೆ.

ಅಮೆರಿಕದ ಅಣ್ಣನಿಗೆ ಇದು ಸಮಾಧಾನ ಆಗಿಲ್ಲ. ಹುಟ್ಟಿದ್ದು ಹೀಗೆ ಅಂದಾಜಿನಲ್ಲಿದ್ದರೆ ಅವರು ಚಾರ್ಟ್ ಪ್ರಿಂಟ್ ಹಾಕಿಸುವಾಗ ಚೌಕದಲ್ಲಿ ಹಿಡಿಸೋದಿಲ್ಲವಂತೆ, ನೋಡೋಕೂ ಚೆಂದ ಇರೋದಿಲ್ಲವಂತೆ. ‘ಯಾವುದಾದರೂ ಒಂದು ವರ್ಷ ಹೇಳು ಮಾರಾಯಾ, 1880 ಅಂತ ಹಾಕ್ತೀನಿ’ ಅಂತ ಮೆಸೇಜು ಬಂದಿದೆ. ಚೌಕ ಸ್ವಲ್ಪ ದೊಡ್ಡದು ಮಾಡಿ ಅಂತ ಉತ್ತರ ಕಳಿಸಿದ್ದೇನೆ.